ದೇವಲಾಪುರದ ಗುರುವಾರ

ರಾಗಿ ಕಟಾವಿನ ದಿನಗಳಲ್ಲಿ ದೇವಲಾಪುರದ ಕಡೆ ಬಂದರೆ ರಸ್ತೆಯೇ ಕಣವಾಗಿರುತ್ತದೆ. ತೆನೆಯನ್ನು ಹುಲ್ಲುಸಮೇತ ಡಾಂಬರಿನ ಮೇಲೆ ಹಾಸಿ, ಹೋಗಿ ಬರುವ ಬಸ್ಸು, ಟ್ರ್ಯಾಕ್ಟರುಗಳ ಗಾಲಿಗೆ ಒಕ್ಕಣೆ ಒಪ್ಪಿಸಿ, ತಲೆಗೆ ಟವೆಲ್ಲು ಸುತ್ತಿಕೊಂಡ ಹೆಂಗಸರು ಹುಣಸೆಮರದ ಬುಡದಲ್ಲಿ ಮೊರ ಹಿಡಿದು ಕಾಯುತ್ತಾರೆ. ಬಸ್ಸು ದಾಟಿದ ಮೇಲೆ ಏಳುವ ಸುಂಕು ಮೂಗಿಗೆ ಅಡರುತ್ತದೆ. ಅದರ ಬೆನ್ನಿಗೇ ಯಾರದೋ ಮನೆ ಒಲೆಯಿಂದ ಸೊಗಡವರೆ ಸಾರಿನ ಘಮ ಬರುತ್ತದೆ. ಮಂಜು ಇನ್ನೂ ತೆಂಗಿನ ಗರಿಗಳಲ್ಲಿ ಸಿಕ್ಕಿಕೊಂಡಿದೆ, ಹುಚ್ಚೆಳ್ಳಿನ ಹಳದಿ ಬಾಡಿ ಕಾಯಿ ಕಟ್ಟಿದೆ. ನಾಗಮಂಗಲ ತಾಲ್ಲೂಕಿನ ಈ ಹೋಬಳಿ ಇರುವುದು ಮಂಡ್ಯ ಜಿಲ್ಲೆಯಲ್ಲೇ ಆದರೂ, ಮಂಡ್ಯ ಎಂದೊಡನೆ ಕಣ್ಣಿಗೆ ಕಟ್ಟುವ ನಾಲೆಬಯಲಿನ ಭತ್ತ, ಕಬ್ಬು ಇಲ್ಲಿ ಅಷ್ಟಾಗಿ ಇಲ್ಲ. ಮಳೆಯನ್ನು ನಂಬಿದ ರಾಗಿ, ಹುರುಳಿ. ಕೊಳವೆಬಾವಿಯನ್ನು ನಂಬಿದ ತೆಂಗು, ಹಿಪ್ಪುನೇರಳೆ. ಇಷ್ಟೇ ಇಲ್ಲಿನ ಬದುಕು.

ಈ ಸುಂಕಿನ ನಡುವೆಯೇ ಸ್ಕೂಟರ್ ಓಡಿಸಿಕೊಂಡು ಬಂದ ಸಿಸ್ಟರು ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಕಾಗದಪತ್ರದಲ್ಲಿ ಅವರ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಹೆಸರು. ಊರವರಿಗೆ ಅವರು ಸಿಸ್ಟರಮ್ಮ. ಊಟದ ಡಬ್ಬಿಯನ್ನು ಕಿಟಕಿಯಲ್ಲಿ ಇಟ್ಟವರೇ ಒಳಕೋಣೆಗೆ ಹೋಗಿ, ಮೇಲ್ಮುಚ್ಚಳದ ಬಿಳಿ ಫ್ರಿಜ್ಜಿನ ಮುಂದೆ ಬಗ್ಗಿ ಥರ್ಮಾಮೀಟರು ನೋಡುತ್ತಾರೆ. ಪಕ್ಕದಲ್ಲಿ ನೇತುಹಾಕಿದ ಪುಸ್ತಕದಲ್ಲಿ ಆ ಅಂಕಿ ಬರೆದು ಸಹಿ ಮಾಡುತ್ತಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಭಾನುವಾರ, ಹಬ್ಬ ಎನ್ನದೆ ಯಾರಾದರೊಬ್ಬರು ಬರೆಯಲೇಬೇಕು. ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟು ಡಿಗ್ರಿಯನ್ನು ದಾಟಬಾರದು. ರಾತ್ರಿ ಕರೆಂಟು ಹೋಗಿತ್ತೇ, ಎಷ್ಟು ಹೊತ್ತು ಹೋಗಿತ್ತು ಎಂದು ಕಾವಲುಗಾರನನ್ನು ಕೇಳುವುದೂ ಇದರ ಜೊತೆಗೆ ಸೇರಿದ್ದು.

ಆಮೇಲೆ ಮೇಜಿನ ಮೇಲೆ ಐಸ್ ಪ್ಯಾಕುಗಳು ಸಾಲಾಗಿ ಕೂರುತ್ತವೆ. ಫ್ರೀಜರಿನಿಂದ ತೆಗೆದ ತಕ್ಷಣ ಅವನ್ನು ಲಸಿಕೆಯ ಡಬ್ಬಿಗೆ ಇಡುವಂತಿಲ್ಲ. ಮೈಮೇಲೆ ಬೆವರಿನ ಹನಿ ಮೂಡಬೇಕು, ಒಳಗೆ ಒಂದಿಷ್ಟು ಕರಗಬೇಕು. ಸಿಸ್ಟರು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಗುಳು ಎಂದರೆ ಸರಿ, ಇಲ್ಲದಿದ್ದರೆ ಇನ್ನೊಂದಿಷ್ಟು ಹೊತ್ತು ಕಾಯಬೇಕು. ಬಿಸಿಲಿಗೆ ಲಸಿಕೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅತಿ ತಂಪಿಗೆ ಹೆಪ್ಪುಗಟ್ಟಿದರೂ ಪೆಂಟಾದಂಥ ಲಸಿಕೆ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದು ಇದರಲ್ಲೇ ಕೈ ಪಳಗಿದವರಿಗೆ ಮಾತ್ರ ಗೊತ್ತು. ಸೀಸೆಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಸೀಸೆ ತಿಂದ ಬಿಸಿಯನ್ನೆಲ್ಲ ಆ ಚೌಕ ಲೆಕ್ಕ ಇಟ್ಟುಕೊಂಡು ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಸೀಸೆ ಮಗುವಿನ ಹತ್ತಿರ ಹೋಗುವಂತಿಲ್ಲ. ಸಿಸ್ಟರು ಪ್ರತಿ ಸೀಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಾಲ್ಕು ಐಸ್ ಪ್ಯಾಕುಗಳ ನಡುವೆ ಇಟ್ಟು ಮುಚ್ಚಳ ಬಿಗಿದರು. ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಗಿ, ರಾಜ್ಯದ ಉಗ್ರಾಣ ದಾಟಿ, ಮಂಡ್ಯದ ತಂಪುಕೋಣೆಯಲ್ಲಿ ತಂಗಿ ಬಂದ ಔಷಧಿ ಇದು. ಇಷ್ಟು ದೂರದ ಹಾದಿಯಲ್ಲಿ ಕೊನೆಯ ಐದಾರು ಕಿಲೋಮೀಟರೇ ಕಷ್ಟದ್ದು. ಅದನ್ನು ಸಾಗಿಸುವುದು ಸ್ಕೂಟರಿನ ಮುಂಭಾಗದಲ್ಲಿ, ಸಿಸ್ಟರ ಎರಡು ಕಾಲುಗಳ ನಡುವೆ ಕೂರುವ ಈ ನೀಲಿ ಡಬ್ಬಿ.

ನಮ್ಮ ರಾಜ್ಯದಲ್ಲಿ ಗುರುವಾರವೆಂದರೆ ಲಸಿಕೆಯ ದಿನ. ಹಳ್ಳಿಯ ಅಂಗನವಾಡಿಯಲ್ಲಿ ಫಿನೈಲಿನ ವಾಸನೆಯೂ ಬೇಯುತ್ತಿರುವ ಮೊಟ್ಟೆಯ ವಾಸನೆಯೂ ಕಲಸಿಕೊಂಡಿವೆ. ಗೋಡೆಯ ಮೇಲೆ ಅ ಅಳಿಲು, ಆ ಆನೆ. ದೊಡ್ಡ ಮಕ್ಕಳನ್ನು ಒಂದು ಮೂಲೆಗೆ ಕೂರಿಸಿದ್ದಾರೆ. ಅವು ಡಬ್ಬಿಯನ್ನು ಕಂಡೊಡನೆ ತೋಳು ಮುಚ್ಚಿಕೊಂಡಿವೆ. ಬಾಗಿಲ ಹತ್ತಿರ ಚಾಪೆಯ ಮೇಲೆ ಬಾಣಂತಿಯರು ಕೂತಿದ್ದಾರೆ. ಉಲ್ಲನ್ ಟೋಪಿ, ಕೆನ್ನೆಗೆ ಕಾಡಿಗೆಯ ಬೊಟ್ಟು, ಕೈಗೆ ಬಜೆಬಳೆ. ಎತ್ತಿಕೊಂಡರೆ ಸಾಮ್ರಾಣಿ ಹೊಗೆಯ ಘಮ ಬರುವ ಮಕ್ಕಳು. ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ತಮ್ಮ ಉದ್ದನೆಯ ಪುಸ್ತಕ ಬಿಚ್ಚಿಕೊಂಡು ಯಾರು ಬಂದರು, ಯಾರು ಬರಲಿಲ್ಲ ಎಂದು ಗೆರೆ ಎಳೆಯುತ್ತಿದ್ದಾರೆ. ಗುಲಾಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಅವರಿಗೆ ಸಾವಿರ ಜನರ ಊರಿನಲ್ಲಿ ಯಾವ ಮನೆಯ ಸೊಸೆಗೆ ಎಷ್ಟು ತಿಂಗಳು ಎಂಬುದು ಪುಸ್ತಕ ನೋಡದೆಯೂ ಗೊತ್ತು.

ಒಬ್ಬ ಅಜ್ಜಿ ಮೊಮ್ಮಗನನ್ನು ಬಿಗಿಯಾಗಿ ಅವುಚಿಕೊಂಡು ಎದ್ದೇಬಿಟ್ಟರು. "ಓದ್ಸಲ ಸೂಜಿ ಹಾಕ್ಸಿ ರಾತ್ರಿಯೆಲ್ಲ ಜರ ಕನ್ ಸಿಸ್ಟ್ರೇ. ಕೂಸು ಕಣ್ಣೇ ಮುಚ್ನಿಲ್ಲ. ಈ ಸಲಕ್ಕೆ ಬ್ಯಾಡ ಬುಡಿ."

"ಜರ ಬಂದ್ರೆ ಔಸ್ದಿ ಒಳಗೆ ಕೆಲ್ಸ ಮಾಡ್ತಾ ಅದೆ ಅಂತ ಅಜ್ಜಿ. ಡ್ರಾಪ್ಸ್ ಕೊಟ್ಟು ಕಳಿಸ್ತೀನಿ," ಎಂದರು ಸಿಸ್ಟರು. ಅಜ್ಜಿ ಜಗ್ಗಲಿಲ್ಲ.

ಆಶಾ ಅಕ್ಕ ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದರು: "ಗಂಟಲುಮಾರೀಲಿ ಹೋಯ್ತು ಅಂತಿದ್ರಲ್ಲ ಅಜ್ಜಿ, ನಿಮ್ ತಂಗಿ. ಏಸು ವರ್ಸದ್ದು ಅದು?"

ಅಜ್ಜಿ ನಿಂತಲ್ಲೇ ನಿಂತರು. "ಮೂರು ತುಂಬಿತ್ತು ಕನವ್ವ," ಎಂದವರು ಕೂತು, ಮಗುವಿನ ಎಡತೊಡೆಯ ಮೇಲಿನ ಬಟ್ಟೆ ಸರಿಸಿದರು. ಪೆಂಟಾ ಎಂಬ ಆ ಒಂದೇ ಸೂಜಿಯಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಜೊತೆಗೆ ಒಂದು ಬಗೆಯ ಕಾಮಾಲೆಗೂ ಮಿದುಳುಪೊರೆ ಮತ್ತು ಶ್ವಾಸಕೋಶಕ್ಕೆ ತಗಲುವ ಒಂದು ಸೋಂಕಿಗೂ ತಡೆಯಿದೆ. ಸೂಜಿ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಮಗುವಿಗೆ ಏನಾಯಿತೆಂದು ತಿಳಿದಿರಲಿಲ್ಲ. ತಿಳಿದ ಮೇಲೆ ಇಡೀ ಅಂಗನವಾಡಿಗೆ ಕೇಳುವಂತೆ ಅತ್ತಿತು. ಕತ್ತರಿಯಂತ್ರದಲ್ಲಿ ಸೂಜಿಯ ತುದಿ ಕಟ್ಟೆಂದು ತುಂಡಾಯಿತು. ಯಾವ ಲಸಿಕೆ ಹಾಕಿದೆ, ಏನು ತೊಂದರೆ ಆಗಬಹುದು, ಮುಂದಿನದು ಯಾವಾಗ, ತಾಯಿ ಕಾರ್ಡನ್ನು ಏಕೆ ಜೋಪಾನ ಮಾಡಬೇಕು ಎಂಬ ನಾಲ್ಕು ಮಾತುಗಳನ್ನು ಸಿಸ್ಟರು ಪ್ರತಿ ತಾಯಿಗೂ ಮೊದಲ ಸಲ ಹೇಳುವವರ ತಾಳ್ಮೆಯಲ್ಲಿ ಹೇಳುತ್ತಾರೆ. ಅರ್ಧ ಗಂಟೆ ಯಾರೂ ಏಳುವಂತಿಲ್ಲ. ಆ ಅರ್ಧ ಗಂಟೆಯಲ್ಲಿ ಊರಿನ ಸುದ್ದಿಯೆಲ್ಲ ಚಾಪೆಯ ಮೇಲೆ ಹರಡಿಕೊಳ್ಳುತ್ತದೆ.

ಇದೇ ಹೊತ್ತಿನಲ್ಲಿ ಇಂಥ ಚಾಪೆಗಳು ಬೇರೆ ಬೇರೆ ದೇಶಗಳಲ್ಲೂ ಹಾಸಿರುತ್ತವೆ. ಎಲ್ಲ ಮಕ್ಕಳಿಗೂ ಲಸಿಕೆ ತಲುಪಿಸುವ ಕಾರ್ಯಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಶುರುಮಾಡಿದ್ದು 1974ರಲ್ಲಿ. ನಮ್ಮ ದೇಶ ಅದನ್ನು 1978ರಲ್ಲಿ ಕೈಗೆತ್ತಿಕೊಂಡಿತು. ಐವತ್ತು ವರ್ಷ ತುಂಬಿದಾಗ ಲೆಕ್ಕ ಹಾಕಿದವರು, ಜಗತ್ತಿನಲ್ಲಿ ಸುಮಾರು 15.4 ಕೋಟಿ ಜೀವ ಉಳಿದಿದೆ ಎಂದರು. ಅದರಲ್ಲಿ 10 ಕೋಟಿಗೂ ಹೆಚ್ಚು ಜೀವಗಳು ಇನ್ನೂ ವರ್ಷ ತುಂಬದ ಹಸುಗೂಸುಗಳವು. ಮೈಸೂರು ಸೀಮೆಗೆ ಈ ಸೂಜಿಯ ನಂಟು ಇನ್ನೂ ಹಳೆಯದು. 1805ರ ಹೊತ್ತಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದಿದೆ, ಮೂವರು ರಾಜಮನೆತನದ ಹೆಂಗಸರದು. ಅದರಲ್ಲಿ ಒಬ್ಬಾಕೆ ಸೆರಗನ್ನು ತುಸು ಸರಿಸಿ ತೋಳು ತೋರುತ್ತಾಳೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಆಕೆ ಪ್ರಜೆಗಳಿಗೆ ತೋರಿಸುತ್ತಿದ್ದಾಳೆ, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಹೇಳುತ್ತಾರೆ. ಅರಮನೆಯಿಂದ ಬಂದ ಮಾತನ್ನು ಜನ ನಂಬಿರಬಹುದು. ಈ ಹಳ್ಳಿಯ ಅಜ್ಜಿ ನಂಬಿದ್ದು ತನ್ನ ತಂಗಿಯ ಸಾವನ್ನು ನೆನಪಿಟ್ಟುಕೊಂಡ ಆಶಾ ಅಕ್ಕನನ್ನು. ಜಗತ್ತಿನ ಆರೋಗ್ಯದ ದೊಡ್ಡ ದೊಡ್ಡ ಯೋಜನೆಗಳೆಲ್ಲ ಕಡೆಗೆ ಬಂದು ನಿಲ್ಲುವುದು ಇಂಥ ಒಬ್ಬರ ನಂಬಿಕೆಯ ಮೇಲೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆ ಚಾಪೆಯ ಪಕ್ಕದಲ್ಲಿ ಕೂತಾಗಲೇ.

ಮಕ್ಕಳ ಅಳು ನಿಂತ ಮೇಲೆ ಆಶಾ ಅಕ್ಕನ ಜೊತೆ ಕೇರಿಗೆ ಇಳಿಯೋಣ. ಅವರ ಚೀಲದಲ್ಲಿ ಬ್ಯಾಟರಿ, ಮಾತ್ರೆಯ ಪೊಟ್ಟಣ, ಕಫ ಹಿಡಿಯುವ ಪುಟ್ಟ ಡಬ್ಬಿ, ಇನ್ನೆರಡು ಪುಸ್ತಕ ಇವೆ. ಮೊದಲ ಮನೆಯ ಹಿತ್ತಿಲಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ, ಅದರಾಚೆ ಒಡೆದ ಬಾನಿ. ಅವರು ಯಾರನ್ನೂ ಕೇಳದೆ ಡ್ರಮ್ಮಿನೊಳಕ್ಕೆ ಬ್ಯಾಟರಿ ಬಿಟ್ಟರು. ಬೆಳಕಿನ ಬಳ್ಳಿ ತಳ ಮುಟ್ಟಿದಾಗ ನೀರಿನಲ್ಲಿ ಏನೋ ಕೊಂಕಿ ಕೊಂಕಿ ಕೆಳಗಿಳಿಯಿತು. ಸೊಳ್ಳೆಯ ಮರಿ. "ಅಣ್ಣಯ್ಯ, ಚೆಲ್ಬುಟ್ಟು ಉಜ್ಜಿ ಒಣಗಿಸ್ಬೇಕು ಇದ್ನ," ಎಂದರು. "ಚೆಲ್ಲಿ ನಾಳೀಕೆ ಏನ್ ಮಾಡಾನವ್ವ? ನಲ್ಲಿ ಬತ್ತದೋ ಇಲ್ವೋ," ಎಂದ ಮನೆಯಾತ. ಆತನ ಮಾತಿನಲ್ಲೂ ನ್ಯಾಯವಿದೆ. ನೀರು ದಿನಾ ಬಾರದ ಊರಿನಲ್ಲಿ ಜನ ನೀರು ತುಂಬಿಡುತ್ತಾರೆ. ತುಂಬಿಟ್ಟ ಶುದ್ಧ ನೀರಿನಲ್ಲೇ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನದಲ್ಲಿ ಮರಿ ರೆಕ್ಕೆ ಕಟ್ಟಿಕೊಂಡು ಏಳುತ್ತದೆ. ಆಶಾ ಅಕ್ಕ ಜಗಳಕ್ಕೆ ಹೋಗಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಹಾಕಿಸಿ, ಡ್ರಮ್ಮನ್ನು ತಾವೇ ತೆಂಗಿನ ನಾರಿನಿಂದ ಉಜ್ಜಿ, ಹಳೆಯ ಪಂಚೆಯೊಂದನ್ನು ಬಾಯಿಗೆ ಬಿಗಿದು ಕಟ್ಟಿದರು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿದಾಗ ಹೊರಬಿದ್ದ ಆದೇಶ ಈ ಡ್ರಮ್ಮಿನವರೆಗೆ ಬಂದದ್ದು ಇಂಥ ಕೈಗಳಿಂದ.

ಈ ಸೀಮೆಗೆ ಸೊಳ್ಳೆಯ ಕಾಟ ಹೊಸದಲ್ಲ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷ್ ದಂಡು ಕಾವೇರಿ ದ್ವೀಪದ ಚಳಿಜ್ವರಕ್ಕೆ ಸಿಕ್ಕಿ ಸೊರಗಿ, 1809ರ ಸುಮಾರಿಗೆ ಬೆಂಗಳೂರಿಗೆ ಗುಳೆ ಎದ್ದಿತು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ ಕಥೆಯಲ್ಲಿ ಸೊಳ್ಳೆಗೂ ಒಂದು ಪಾಲಿದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಮಂಡ್ಯ ಹಸಿರಾಗತೊಡಗಿದಾಗ ಮಲೇರಿಯಾವೂ ಜೊತೆಗೇ ಹರಿಯಿತು. ಆ ಕಾಲದಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆ ಸೇರಿ, ಶ್ರೀರಂಗಪಟ್ಟಣದ ಹತ್ತಿರದ ನಾಗೇನಹಳ್ಳಿಯಲ್ಲಿ ಸೊಳ್ಳೆಯ ಹುಟ್ಟು ಸಾವು ಅಳೆಯುವ ಕೇಂದ್ರವನ್ನೇ ಇಟ್ಟಿತ್ತು. ಕೆಸರುಗದ್ದೆಯ ಸೊಳ್ಳೆಯಿಂದ ಬರುವ ಮೆದುಳುಜ್ವರಕ್ಕೂ ಮಂಡ್ಯ ಹೆಸರಾದ ಜಿಲ್ಲೆ. ಹಾಗಾಗಿಯೇ ಇಲ್ಲಿನ ಮಕ್ಕಳ ತಾಯಿ ಕಾರ್ಡಿನಲ್ಲಿ ಅದರ ಲಸಿಕೆಗೂ ಒಂದು ಸಾಲು ಇರುತ್ತದೆ.

ಮುಂದಿನ ಮನೆಯ ಜಗಲಿಯಲ್ಲಿ ಇಬ್ಬರು ಮುದುಕಿಯರು ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸಿ ಕೂತಿದ್ದರು. ಕಡ್ಡಿಪುಡಿಯನ್ನು ಸೆರಗಿನಲ್ಲಿ ಅಡಗಿಸುವ ಮೊದಲೇ ಆಶಾ ಅಕ್ಕ ಕಂಡುಬಿಟ್ಟರು. ಬಾಯಿ ತೆರೆಸಿ, ಕೆನ್ನೆಯ ಒಳಗೆ ಬ್ಯಾಟರಿ ಬಿಟ್ಟು, ಬಿಳಿ ಮಚ್ಚೆ ಇದೆಯೇ ಎಂದು ನೋಡಿದರು. "ಬೀಪಿ ಮಾತ್ರೆ?" ಎಂದರೆ ಒಬ್ಬಾಕೆ, "ತಲೆ ಸುತ್ತು ನಿಂತೋಯ್ತಲ್ಲ, ಬುಟ್ಬುಟ್ಟೆ," ಎಂದಳು. ಜಗತ್ತಿನಲ್ಲಿ 30ರಿಂದ 79 ವಯಸ್ಸಿನ ನೂರು ಕೋಟಿಗೂ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದು ಇರುವುದೇ ಗೊತ್ತಿಲ್ಲ. ಗೊತ್ತಾಗಿಯೂ ಬಿಟ್ಟ ಈಕೆಯನ್ನು ಮಾತ್ರೆಗೆ ಮರಳಿಸಲು ಉಪ್ಪಿನಕಾಯಿಯಿಂದ ಹಿಡಿದು ಮೊಮ್ಮಗಳ ಮದುವೆಯವರೆಗೆ ಮಾತು ಬೆಳೆಸಬೇಕಾಯಿತು.

ಕೇರಿಯ ಕೊನೆಯ ಮನೆಯ ಮುಂದೆ ಆಶಾ ಅಕ್ಕನ ನಡಿಗೆ ನಿಧಾನವಾಯಿತು. ಚೀಲವನ್ನು ಮಗ್ಗುಲಿಗೆ ತಿರುಗಿಸಿ, ನೆಂಟರ ಮನೆಗೆ ಬಂದವರ ಹಾಗೆ ಒಳಗೆ ಹೋದರು. ಆ ಮನೆಯಲ್ಲಿ ಟಿಬಿ ಔಷಧಿ ತೆಗೆದುಕೊಳ್ಳುತ್ತಿರುವ ಹುಡುಗನಿದ್ದಾನೆ. ಅಕ್ಕಪಕ್ಕದವರಿಗೆ ತಿಳಿಯಬಾರದು ಎಂದು ಅವನ ತಾಯಿ ಕೈಮುಗಿದು ಕೇಳಿಕೊಂಡಿದ್ದಾಳೆ. ಶುರುವಿನ ದಿನಗಳಲ್ಲಿ ಮಾತ್ರೆ ನುಂಗಿ ಮೂತ್ರ ಕೆಂಪಗೆ ಹೋದದ್ದನ್ನು ಕಂಡು, ರಕ್ತವೇ ಹೋಗುತ್ತಿದೆ ಎಂದು ಹೆದರಿ ಅವನು ಔಷಧಿಯನ್ನು ಬಚ್ಚಲಿಗೆ ಎಸೆದಿದ್ದ. ಅದು ಮಾತ್ರೆಯ ಬಣ್ಣ ಎಂದು ತಿಳಿಹೇಳಿದ ಮೇಲೆ, ಈಗ ಆಶಾ ಅಕ್ಕನ ಕಣ್ಣೆದುರೇ ನುಂಗುತ್ತಾನೆ. ಆರು ತಿಂಗಳು ಬಿಡದೆ ನುಂಗಬೇಕು. ಎರಡು ತಿಂಗಳಿಗೇ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಬಿಡುವುದೂ ಆಗಲೇ. ಬಿಟ್ಟರೆ ರೋಗ ಮದ್ದಿಗೆ ಬಗ್ಗದೆ ತಿರುಗಿ ಬೀಳುತ್ತದೆ. "ಇವತ್ತು ಏನ್ ಸಾರು?" ಎಂದು ಕೇಳಿ ಅಡುಗೆಮನೆಗೂ ಇಣುಕಿದರು. ಬರೀ ಮುದ್ದೆ, ಉಪ್ಪೆಸರು. "ಕಾಳಾಕು ಕನಕ್ಕ, ಅವರೆಕಾಳಿನ ಕಾಲ ಇದು. ಮೊಟ್ಟೆ ತಕ್ಕೊಂಬಾ. ಅಕೌಂಟಿಗೆ ದುಡ್ಡು ಬಂದದೆ ನೋಡು."

ಅಡುಗೆಮನೆಗೆ ಇಣುಕುವುದು ಬರೀ ಕಕ್ಕುಲಾತಿಯಿಂದಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನಲ್ಲಿ ಟಿಬಿ ಇದ್ದವರ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆಯಂಥ ದಿನಸಿ ಕೊಟ್ಟು ನೋಡಿದರು. ದಿನಸಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 39ರಷ್ಟು ತಗ್ಗಿತು. 2023ರಲ್ಲಿ ಬಂದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು. ಅದೇ ವರ್ಷ ಭೂಮಿಯ ಮೇಲೆ 1 ಕೋಟಿ 8 ಲಕ್ಷ ಜನರಿಗೆ ಟಿಬಿ ತಗಲಿ ಹನ್ನೆರಡೂವರೆ ಲಕ್ಷ ಮಂದಿ ಸತ್ತರು. ಹೊಸ ರೋಗಿಗಳಲ್ಲಿ ಕಾಲು ಭಾಗಕ್ಕೂ ಮಿಕ್ಕಿದವರು ನಮ್ಮ ದೇಶದವರು. ಅರವತ್ತು ವರ್ಷಗಳ ಹಿಂದೆಯೇ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಗಳಲ್ಲಿ ಓಡಾಡಿ ಒಂದು ವಿಷಯ ಕಂಡುಕೊಂಡರು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಲಾಗಿತ್ತು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ ಎಂದು ಸುಲಭವಾಗಿ ಹೇಳುವವರೆಲ್ಲ ಓದಬೇಕಾದ ಅಧ್ಯಯನ ಅದು. ಬಂದವರನ್ನು ಬರಿಗೈಯಲ್ಲಿ ಕಳಿಸದಿರುವುದು ಆಸ್ಪತ್ರೆಯವರ ಮೊದಲ ಕೆಲಸ.

ಪುಸ್ತಕದಲ್ಲಿ ಇನ್ನೊಂದು ಪುಟವಿದೆ, ಆಶಾ ಅಕ್ಕ ಅದನ್ನು ತಿರುವುವಾಗ ಮುಖ ಬಿಗಿಯಾಗುತ್ತದೆ. ಬಸಿರಿಯರ ಪಟ್ಟಿ. ಮೂರನೇ ತಿಂಗಳಲ್ಲಿ ಬರೆಸಿದ ಹೆಸರು ಐದನೇ ತಿಂಗಳಲ್ಲಿ ಸುಮ್ಮನೆ ಜಾರಿಹೋದರೆ, ಮೊದಲೆರಡೂ ಹೆಣ್ಣಾಗಿದ್ದರೆ, ಅವರು ಆ ಮನೆಗೆ ಎರಡು ಸಲ ಹೆಚ್ಚು ಹೋಗುತ್ತಾರೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆಮಾಡುತ್ತಿದ್ದ ಜಾಲ ಬಯಲಿಗೆ ಬಂತು. ಬೆಲ್ಲದ ಘಮ ಬರಬೇಕಾದ ಜಾಗದಲ್ಲಿ ನಡೆದ ಆ ಕೆಲಸ ನೆನೆದರೆ ಇಂದಿಗೂ ಹೊಟ್ಟೆ ಕಿವುಚುತ್ತದೆ. ಬಂಧಿತರಲ್ಲಿ ವೈದ್ಯರೂ ಇದ್ದರು, ಲ್ಯಾಬ್ ತಂತ್ರಜ್ಞರೂ ಇದ್ದರು. ಭ್ರೂಣಲಿಂಗ ಪತ್ತೆಯನ್ನು ಅಪರಾಧ ಮಾಡಿದ ಕಾಯ್ದೆ 1994ರದು. ಜೀವ ಕಾಯುವ ವಿದ್ಯೆ ಕಲಿತವರೇ ಮಾರಿಕೊಂಡ ಕಡೆ, ಏಳನೆಯದೋ ಹತ್ತನೆಯದೋ ತರಗತಿ ಓದಿದ ಹೆಂಗಸೊಬ್ಬಳು ಪುಸ್ತಕ ಹಿಡಿದು ಕಾವಲು ನಿಂತಿದ್ದಾಳೆ. ಇದನ್ನು ನಾವು ಮರೆಯಬಾರದು.

2020ರ ಮೇ ತಿಂಗಳನ್ನೂ ಮರೆಯಬಾರದು. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರದ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಮುಂಬೈ ಸೇರಿದ್ದವರು ಕೊರೊನಾ ಕಾಲದಲ್ಲಿ ಊರಿಗೆ ಮರಳಿದಾಗ ಮಂಡ್ಯದಲ್ಲಿ ಸೋಂಕಿನ ಲೆಕ್ಕ ಒಮ್ಮೆಲೇ ಏರಿತು. ಊರ ಬಾಗಿಲಿಗೆ ಮುಳ್ಳು ಹಾಕಿದ ಹಳ್ಳಿಗಳಲ್ಲಿ, ಮುಖಕ್ಕೆ ಒಂದು ಬಟ್ಟೆ ಕಟ್ಟಿಕೊಂಡು ಅವರ ಮನೆಗಳಿಗೆ ದಿನಾ ಹೋಗಿ ಜ್ವರ ಕೇಳಿದವರು ಈ ಗುಲಾಬಿ ಸೀರೆಯವರೇ. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಆಶಾಗಳು ರಾಜ್ಯದ ಮೂಲೆಮೂಲೆಗಳಿಂದ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತರು. ಅವರು ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿಯ ಖಚಿತ ಗೌರವಧನ. 2030ರ ಹೊತ್ತಿಗೆ ಜಗತ್ತಿಗೆ ಸುಮಾರು 1 ಕೋಟಿ 10 ಲಕ್ಷ ಆರೋಗ್ಯ ಸಿಬ್ಬಂದಿ ಕಡಿಮೆ ಬೀಳುತ್ತಾರೆ ಎಂಬ ಅಂದಾಜು ಇದೆ. ಇರುವವರ ಹೊಟ್ಟೆ ತುಂಬಿಸದೆ ಇಲ್ಲದವರನ್ನು ಎಲ್ಲಿಂದ ತರುವುದು? ಇವರಿಗೆ ಸಲ್ಲಬೇಕಾದ್ದು ಸನ್ಮಾನದ ಶಾಲಿಗಿಂತ ಮೊದಲು ತಿಂಗಳ ಸಂಬಳ.

ಹೊತ್ತು ಇಳಿಯುವಾಗ ಆಸ್ಪತ್ರೆಯ ಮುಂದೆ ಆಟೋ ಒಂದು ದಡಕ್ಕನೆ ನಿಂತಿತು. ಇಬ್ಬರು ಸೇರಿ ಒಬ್ಬನನ್ನು ಎತ್ತಿ ಇಳಿಸಿದರು. ರಾಗಿ ಮೆದೆ ಒಟ್ಟುವಾಗ ಕಾಲಿಗೆ ಹಾವು ಕಚ್ಚಿದೆ. ಮೊಣಕಾಲಿನ ಕೆಳಗೆ ಹಗ್ಗ ಬಿಗಿದಿದ್ದಾರೆ, ಪಾದ ಊದಿ ನೀಲಿಗಟ್ಟಿದೆ. "ಕೊಳಕುಮಂಡಲ ಇರ್ಬೇಕು ಸಾ, ಬುಸ್ ಅಂತಿತ್ತು. ಮಂತ್ರ ಹಾಕ್ಸಾನ ಅಂದ್ರು, ನಾನು ಇಲ್ಲಿಗೇ ತಂದೆ," ಎಂದ ತಮ್ಮ. "ನಿಮ್ಮಣ್ಣನ್ನ ಉಳಿಸ್ದೆ ಕಣಪ್ಪ," ಎಂದ ಡಾಕ್ಟರು ರಕ್ತನಾಳಕ್ಕೆ ಸೂಜಿ ಸೇರಿಸಿ, ಸಲೈನ್ ಹಚ್ಚಿ, ಆಮೇಲೆ ಹಗ್ಗವನ್ನು ಮೆಲ್ಲನೆ ಸಡಿಲಿಸಿದರು. ಬಳಿಕ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಒಣಗಿದ ಗಾಜಿನ ನಳಿಕೆಗೆ ಬಿಟ್ಟು, ಕಿಟಕಿಯ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ ಗಡಿಯಾರ ನೋಡಿದರು.

ಇಪ್ಪತ್ತು ನಿಮಿಷ ಆ ನಳಿಕೆಯನ್ನು ಯಾರೂ ಮುಟ್ಟುವಂತಿಲ್ಲ. ಆರೋಗ್ಯವಂತರ ರಕ್ತವಾದರೆ ಅಷ್ಟರಲ್ಲಿ ಹೆಪ್ಪುಗಟ್ಟಿ, ನಳಿಕೆ ಬಗ್ಗಿಸಿದರೂ ಜಾರುವುದಿಲ್ಲ. ಕೊಳಕುಮಂಡಲದ ವಿಷ ಏರಿದ್ದರೆ ನೀರಾಗಿ ಹರಿಯುತ್ತದೆ. ದೊಡ್ಡ ಯಂತ್ರವಿಲ್ಲದ ಹಳ್ಳಿಯ ಆಸ್ಪತ್ರೆಗೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಇಲ್ಲ. ಕಾಯುವಷ್ಟು ಹೊತ್ತೂ ಡಾಕ್ಟರು ಕಾಲಿನ ಊತ ಎಷ್ಟು ಮೇಲೇರಿತೆಂದು ಪೆನ್ನಿನಲ್ಲಿ ಗುರುತು ಹಾಕುತ್ತ, ರೆಪ್ಪೆ ಜೋತುಬಿದ್ದಿದೆಯೇ ಎಂದು ನೋಡುತ್ತ, "ಹೊಸಿಲ ಕಡೆ ನೋಡು, ಎರಡು ಕಾಣ್ತದಾ?" ಎಂದು ಕೇಳುತ್ತ ಇದ್ದರು. ನಳಿಕೆ ಬಗ್ಗಿಸಿದಾಗ ರಕ್ತ ಹರಿಯಿತು. ಕಪಾಟಿನಿಂದ ಸೀಸೆಗಳು ಹೊರಬಂದವು. ಬಿಳಿ ಪುಡಿಗೆ ನೀರು ಬೆರೆಸಿ ಕುಲುಕಿದರೆ ನೊರೆ ಏಳುತ್ತದೆ. ಅದಕ್ಕೆ ಸಿಸ್ಟರು ಒಂದೊಂದೇ ಸೀಸೆಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಕರಗಿಸಿದರು. ಹತ್ತು ಸೀಸೆ. ತಮಿಳುನಾಡಿನ ಇರುಳರು ಹಾವು ಹಿಡಿದು ತೆಗೆಯುವ ವಿಷವನ್ನು ಕುದುರೆಗಳಿಗೆ ಹನಿಹನಿಯಾಗಿ ಕೊಟ್ಟು, ಅವುಗಳ ರಕ್ತದಿಂದ ಪಡೆಯುವ ಮದ್ದು ಇದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಇದೊಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಕಾಸಿಲ್ಲ.

ಹಾವು ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ ಕಡೆಗಣಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ 81 ಸಾವಿರದಿಂದ 1 ಲಕ್ಷ 38 ಸಾವಿರ ಮಂದಿ ಇದರಿಂದ ಸಾಯುತ್ತಾರೆ. ನಮ್ಮ ದೇಶದ್ದೇ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2000ದಿಂದ 2019ರವರೆಗಿನ ಸಾವುಗಳನ್ನು ಪರಿಶೀಲಿಸಿದ ಅಧ್ಯಯನ ಹೇಳಿತು. ಸತ್ತವರಲ್ಲಿ ಹೆಚ್ಚಿನವರು ಹೊಲಗದ್ದೆಯವರು. ಅವರ ಸಾವು ಬಹುಕಾಲ ಯಾವ ದಫ್ತರಿಗೂ ಏರಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಹಾಗಾಗಿ ಈ ರೈತನ ಕಾಲಿನ ಕಡಿತ ಇಂದು ಸಂಜೆಯೇ ವರದಿಗೆ ಸೇರುತ್ತದೆ. ಯಾವ ಊರಿನಲ್ಲಿ ಎಷ್ಟು ಕಡಿತ ಎಂದು ತಿಳಿದರೆ ತಾನೇ ಯಾವ ಆಸ್ಪತ್ರೆಗೆ ಎಷ್ಟು ಸೀಸೆ ಬೇಕೆಂದು ತಿಳಿಯುವುದು. ಮೊದಲ ಬಾಟಲಿ ಇಳಿದ ಮೇಲೆ, ಮೂತ್ರಪಿಂಡದ ಮೇಲೆ ಕಣ್ಣಿಡಬೇಕೆಂದು 108 ಕರೆಸಿ ಅವನನ್ನು ದೊಡ್ಡಾಸ್ಪತ್ರೆಗೆ ಹತ್ತಿಸಿದರು. ಡಾಕ್ಟರೇ ಅಲ್ಲಿನವರಿಗೆ ಫೋನು ಮಾಡಿ ಎಷ್ಟು ಗಂಟೆಗೆ ಎಷ್ಟು ಸೀಸೆ ಹೋಗಿದೆ ಎಂದು ಬರೆಸಿದರು. ತಮ್ಮನೂ ಗಾಡಿ ಹತ್ತಿದ, ಅಣ್ಣನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ.

ಒಳಗೆ ಸಿಸ್ಟರು ದಿನದ ಲೆಕ್ಕ ಒಪ್ಪಿಸುತ್ತಿದ್ದರು. ಬರಬೇಕಾದ ಮಕ್ಕಳಲ್ಲಿ ಒಂದು ಬಂದಿಲ್ಲ. ಒಂಬತ್ತು ತಿಂಗಳು ತುಂಬಿದೆ, ದಡಾರದ ಲಸಿಕೆ ಹಾಕಿಸಬೇಕು. ಆಶಾ ಅಕ್ಕ ಫೋನು ಹಚ್ಚಿದರು.

"ಎಲ್ಲಿದ್ದೀಯವ್ವ? ತವರುಮನೇಗಾ? ಕೆಆರ್ ಪೇಟೆಗಾ? ಯಾವಾಗ ಬತ್ತೀಯ?"

ಸಂಕ್ರಾಂತಿ ಕಳೆದು ಎಂದಿತು ಆಚೆಯ ದನಿ.

"ಅಲ್ಲೀಗಂಟ ಕಾಯ್ಬ್ಯಾಡ. ಕಾರ್ಡ್ ಅದಲ್ಲ ನಿನ್ತಾವ? ಅಲ್ಲೂ ಗುರುವಾರವೇ ಹಾಕ್ತಾರೆ, ಯಾವೂರಾದ್ರೂ ಹಾಕ್ಲೇಬೇಕು, ಇಲ್ಲ ಅನ್ನಂಗಿಲ್ಲ. ಅಲ್ಲಿನ ಆಶಾ ನಂಬರ್ ಕಳಿಸ್ತೀನಿ, ನಾನೂ ಹೇಳಿರ್ತೀನಿ. ಹಾಕ್ಸಿದ್ಮೇಲೆ ಕಾರ್ಡಿಂದು ಒಂದು ಫೋಟೋ ಹಾಕ್ಬುಡು, ಇಲ್ಲಿ ಬರ್ಕೋಬೇಕು."